ಕಾರ್ಡು ಇಸಿದುಕೊಂಡವರು ಒಬ್ಬರು, ಓದುವವರು ಇನ್ನೊಬ್ಬರು

ಮದುವೆ ಮನೆಯಲ್ಲಿ ಫೋಟೊಗ್ರಾಫರ್ ಹತ್ತಿರ ವಿಸಿಟಿಂಗ್ ಕಾರ್ಡು ಇಸಿದುಕೊಳ್ಳುವವರು ಒಬ್ಬರು. ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಅದನ್ನು ಹುಡುಕಿ ತೆಗೆದು ಫೋನ್ ಮಾಡುವವರು ಬೇರೆಯವರು. ಊಟದ ಪಂಕ್ತಿಯಿಂದ ಎದ್ದು ಬಂದ ಸೋದರಮಾವ, ಹುಡುಗ ಚುರುಕಾಗಿದ್ದಾನೆ ಎಂದು ಮೆಚ್ಚಿ ಕಾರ್ಡು ಕೇಳಿ ಪಡೆದು ಜೇಬಿಗಿಳಿಸುತ್ತಾರೆ. ಅದು ಅವರ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರು ಸೇರುತ್ತದೆ. ಮುಂದೆ ಭಾಮೈದುನನ ಮನೆಯಲ್ಲಿ ನಾಮಕರಣ ಗೊತ್ತಾದಾಗ, "ಒಳ್ಳೇ ಫೋಟೊದವನ ನಂಬರ್ ಇತ್ತಲ್ಲ" ಎಂದು ಡ್ರಾಯರು ಜಾಲಾಡಿ ಕೊಡುತ್ತಾರೆ. ಈಗ ಅದನ್ನು ಹಿಡಿದು ನಿಂತಿರುವ ಬಾಣಂತಿಯ ತಾಯಿ ಆ ಫೋಟೊಗ್ರಾಫರನ್ನು ನೋಡಿಲ್ಲ, ಅವನು ತೆಗೆದ ಒಂದು ಫೋಟೊವನ್ನೂ ಕಂಡಿಲ್ಲ. ಕನ್ನಡಕ ಹಾಕಿಕೊಂಡು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದೊಂದು ಡಿಟಿಪಿ ಮತ್ತು ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು, ಎಲ್ಲವೂ ಆಗುತ್ತದೆ. ಫೋಟೊಗ್ರಾಫರುಗಳ ಕಾರ್ಡು ಬಂದರೆ ಮಾತ್ರ ನಾನೇ ಕೂತು ಮಾಡುತ್ತೇನೆ. ಎಲೆಕ್ಟ್ರಿಷಿಯನ್ ಕಾರ್ಡು ನೋಡಲು ಚೆನ್ನಾಗಿಲ್ಲ ಎಂದು ಯಾರೂ ಅವರ ವೈರಿಂಗ್ ಮೇಲೆ ಅನುಮಾನ ಪಡುವುದಿಲ್ಲ. ಫೋಟೊಗ್ರಾಫರದು ಕಣ್ಣಿನ ಕಸುಬು. ಕಾರ್ಡು ಗಿಜಿಗಿಜಿ ಎಂದರೆ ಆಲ್ಬಮ್ಮೂ ಹಾಗೇ ಇದ್ದೀತು ಎಂದು ಜನ ಲೆಕ್ಕ ಹಾಕಿಬಿಡುತ್ತಾರೆ. ಆ ಲೆಕ್ಕ ಹಾಕುವವರು ಡ್ರಾಯರಿನ ಆಚೆ ಇರುವ ಎರಡನೆಯ ಓದುಗರು. ಅವರಿಗಾಗಿಯೇ ಕಾರ್ಡು ಮಾಡಬೇಕು ಎನ್ನುವುದು ಇಷ್ಟು ವರ್ಷದ ಕೆಲಸದಲ್ಲಿ ನನಗೆ ಗಟ್ಟಿಯಾಗಿರುವ ಮಾತು.

ಆರ್ಡರು ಬರುವುದು ಸಾಮಾನ್ಯವಾಗಿ ವಾಟ್ಸ್ಆ್ಯಪ್‌ನಲ್ಲಿ. ಯಾರದೋ ಕಾರ್ಡಿನ ಫೋಟೊ ಕಳಿಸಿ, "ಅಕ್ಕಾ, ಸೇಮ್ ಇದೇ ಥರ ಮಾಡ್ರಿ, ಹೆಸರು ನಂಬರ್ ಅಷ್ಟೇ ಚೇಂಜು" ಅನ್ನುತ್ತಾರೆ. ಆ ಕಾರ್ಡನ್ನು ನೋಡದೆಯೂ ಹೇಳಬಲ್ಲೆ. ಕಪ್ಪು ಹಿನ್ನೆಲೆ. ಮೇಲೆ ನಡುವೆ ದುರ್ಗಾಂಬಿಕಾ ಪ್ರಸನ್ನ. ಎಡಕ್ಕೆ ಕ್ಯಾಮೆರಾದ ಕ್ಲಿಪ್ ಆರ್ಟು, ಅದರ ಲೆನ್ಸಿನೊಳಗೆ ಏಳು ಬಣ್ಣ. ಬಲಕ್ಕೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಉತ್ತರ ಭಾರತದ ಯಾವುದೋ ಮದುಮಗಳು. ಕೆಳಗೆ ಪಟ್ಟಿ: ಫೋಟೊಗ್ರಫಿ, ವಿಡಿಯೊಗ್ರಫಿ, ಕ್ಯಾಂಡಿಡ್, ಪ್ರೀ ವೆಡ್ಡಿಂಗ್, ಡ್ರೋನ್, ಎಲ್ಇಡಿ ವಾಲ್, ಆಲ್ಬಂ ಡಿಸೈನಿಂಗ್, ಲ್ಯಾಮಿನೇಷನ್, ಜೆರಾಕ್ಸ್. ನಾಲ್ಕು ಫೋನ್ ನಂಬರು. ಇಷ್ಟರ ನಡುವೆ ಕರೆಯಬೇಕಾದ ಮನುಷ್ಯನ ಹೆಸರು ಎಲ್ಲೋ ಮೂಲೆಯಲ್ಲಿ ಇರುತ್ತದೆ.

ದೇವರ ಹೆಸರನ್ನು ನಾನು ತೆಗೆಯಿಸುವುದಿಲ್ಲ. ಅದು ಅವರ ನಂಬಿಕೆ, ಒಂದು ಸಾಲಿನಲ್ಲಿ ಚೆಂದವಾಗಿ ಕೂರುತ್ತದೆ. ಪಟ್ಟಿಯನ್ನು ಮಾತ್ರ ಕತ್ತರಿಸಲು ಒತ್ತಾಯ ಮಾಡುತ್ತೇನೆ. ಮದುವೆ ಹಿಡಿಯುವವರ ಹತ್ತಿರ ಆಲ್ಬಮ್ಮೂ ವಿಡಿಯೊವೂ ಇರುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ ಮತ್ತು ವಿಡಿಯೊ" ಎಂದು ಒಂದೇ ಸಾಲು ಸಾಕು. ಬಾಣಂತಿಯ ತಾಯಿ ಆ ಸಾಲಿನಲ್ಲಿ ನಾಮಕರಣ ಎಂಬುದನ್ನು ಓದಿದ ಕೂಡಲೇ ಅವರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ. ಉಳಿದ ಅರ್ಧ ಊರಿನದು. ದಾವಣಗೆರೆಯವರಾ, ಹರಿಹರದವರಾ, ಚನ್ನಗಿರಿಯವರಾ ಎಂದು ಗೊತ್ತಾದರೆ ಓಡಾಟದ ಖರ್ಚು, ಬರುವ ಹೊತ್ತು ಎಲ್ಲ ಅವರೇ ಅಂದಾಜು ಮಾಡಿಕೊಳ್ಳುತ್ತಾರೆ.

ಹೆಸರಿನ ವಿಚಾರದಲ್ಲಿ ನಾನು ಸ್ವಲ್ಪ ಹಟಮಾರಿ. ಮನೆದೇವರ ಹೆಸರಿನ ಮುಂದೆ ಡಿಜಿಟಲ್ ಸ್ಟುಡಿಯೊ ಎಂದು ಸೇರಿಸಿಕೊಂಡವರು ಒಂದು ತಾಲ್ಲೂಕಿನಲ್ಲೇ ಹಲವರಿರುತ್ತಾರೆ. ಸ್ಟುಡಿಯೊ ಹೆಸರಿರಲಿ, ಅದರ ಜೊತೆಗೆ ಕ್ಯಾಮೆರಾ ಹಿಡಿಯುವವರ ಹೆಸರೂ ಅಷ್ಟೇ ದೊಡ್ಡದಾಗಿ ಇರಬೇಕು. ಜನ ನೆನಪಿಡುವುದು ಮನುಷ್ಯನನ್ನು. ಪ್ಯಾರಿಸ್ಸಿನ ಫೆಲಿಕ್ಸ್ ಟೂರ್ನಶೋಂ ಎಂಬ ಫೋಟೊಗ್ರಾಫರ್ ನಾಡಾರ್ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರಾದವರು. ಅವರ ತಮ್ಮನೂ ಕ್ಯಾಮೆರಾ ಹಿಡಿದು ಅದೇ ಹೆಸರು ಬಳಸತೊಡಗಿದಾಗ ಅಣ್ಣ ಕೋರ್ಟಿಗೆ ಹೋದರು. 1857ರಲ್ಲಿ ಆ ಹೆಸರು ಅಣ್ಣನೊಬ್ಬನಿಗೇ ಸೇರಿದ್ದು ಎಂದು ತೀರ್ಪಾಯಿತು. ಆಮೇಲೆ ಅವರು ತಮ್ಮ ಸ್ಟುಡಿಯೊ ಕಟ್ಟಡದ ಮುಖದ ಮೇಲೆ ತಮ್ಮ ಸಹಿಯನ್ನೇ ಭಾರೀ ಅಕ್ಷರಗಳಲ್ಲಿ ಬರೆಸಿ, ರಾತ್ರಿ ಗ್ಯಾಸ್ ದೀಪದಲ್ಲಿ ಬೆಳಗಿಸಿದರು. ಹೆಸರಿಗಾಗಿ ಒಡಹುಟ್ಟಿದವನ ಮೇಲೆ ದಾವೆ ಹೂಡಿದ್ದು ನೋವಿನ ಸಂಗತಿಯೇ. ಆದರೆ ಈ ಕಸುಬಿನಲ್ಲಿ ಹೆಸರಿನ ಬೆಲೆ ಏನೆಂದು ಆ ಮನುಷ್ಯನಿಗೆ ಗೊತ್ತಿತ್ತು.

ಅದೇ ಪ್ಯಾರಿಸ್ಸಿನಲ್ಲಿ, ಆ ತೀರ್ಪಿಗೆ ಮೂರು ವರ್ಷ ಮೊದಲು, ಅಂದರೆ 1854ರಲ್ಲಿ, ಆಂಡ್ರೆ ಡಿಸ್ಡೆರಿ ಎಂಬವರು ಒಂದು ಪೇಟೆಂಟು ಪಡೆದರು. ನಾಲ್ಕು ಲೆನ್ಸಿನ ಕ್ಯಾಮೆರಾ, ಒಂದೇ ಗಾಜಿನ ಪ್ಲೇಟಿನ ಮೇಲೆ ಎಂಟು ಚಿತ್ರ. ಪ್ರಿಂಟು ಹಾಕಿ, ಕತ್ತರಿಸಿ, ಸುಮಾರು ಎರಡೂವರೆ ಇಂಚಿಗೆ ನಾಲ್ಕು ಇಂಚಿನ ರಟ್ಟಿಗೆ ಅಂಟಿಸಿದರೆ ಮುಗಿಯಿತು. ಅದನ್ನು ಕಾರ್ಟ್ ದ ವಿಸಿಟ್ ಎಂದರು, ನಮ್ಮ ವಿಸಿಟಿಂಗ್ ಕಾರ್ಡೇ. ಫೋಟೊ ಅಗ್ಗವಾಯಿತು, ಜನ ತಮ್ಮ ಚಿತ್ರ ಹಂಚಿಕೊಳ್ಳಲು ಮುಗಿಬಿದ್ದರು. ಮುಂದಿನ ದಶಕದಲ್ಲಿ ಅದರ ಹುಚ್ಚು ಲೋಕವೆಲ್ಲ ಹಬ್ಬಿತು. ಕಲ್ಕತ್ತೆಯ ಬೋರ್ನ್ ಅಂಡ್ ಶೆಫರ್ಡ್, ನಮ್ಮ ಬೆಂಗಳೂರಿನ ಬಾರ್ಟನ್ ಸನ್ ಅಂಡ್ ಕಂಪನಿಯಂಥ ಸ್ಟುಡಿಯೊಗಳ ಹಳೆಯ ಚಿತ್ರಗಳು ಇಂಥ ರಟ್ಟಿನ ಮೇಲೆಯೇ ಉಳಿದು ಬಂದಿವೆ.

ನನಗೆ ಆ ಚಿತ್ರಗಳ ಮುಂಭಾಗಕ್ಕಿಂತ ಹಿಂಭಾಗ ಹೆಚ್ಚು ಇಷ್ಟ. ಅಲ್ಲಿ ಸ್ಟುಡಿಯೊದ ಹೆಸರು ಬಳ್ಳಿ ಸುತ್ತಿದ ಅಕ್ಷರದಲ್ಲಿರುತ್ತದೆ, ಊರು ಇರುತ್ತದೆ, ಪದಕ ಗೆದ್ದಿದ್ದರೆ ಅದರ ಚಿತ್ರವಿರುತ್ತದೆ. ನೆಗೆಟಿವ್ ಜೋಪಾನವಾಗಿದೆ, ಬೇಕೆಂದಾಗ ಇನ್ನಷ್ಟು ಪ್ರತಿ ಸಿಗುತ್ತದೆ ಎಂಬ ಸಾಲು ಎಷ್ಟೋ ಕಾರ್ಡುಗಳ ಮೇಲಿದೆ. ಕೆಲವದರಲ್ಲಿ ನೆಗೆಟಿವ್ ನಂಬರನ್ನು ಕೈಯಲ್ಲೇ ಬರೆದಿದ್ದಾರೆ. ಗಿರಾಕಿ ಪ್ರೀತಿಯಿಂದ ಇಟ್ಟುಕೊಳ್ಳುವ ವಸ್ತುವಿನ ಬೆನ್ನ ಮೇಲೆ ತಮ್ಮ ವಿಳಾಸ ಇರುವಂತೆ ಅವರು ನೋಡಿಕೊಂಡರು. ಫೋಟೊ ಇರುವವರೆಗೆ ವಿಳಾಸ ಇರುತ್ತದೆ.

ನಮ್ಮ ಸಣ್ಣ ಊರುಗಳ ಸ್ಟುಡಿಯೊದವರು ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡಿಕೊಂಡು ಬಂದಿದ್ದಾರೆ. ಪಾಸ್‌ಪೋರ್ಟ್ ಸೈಜ್ ಫೋಟೊ ಹಾಕಿಕೊಡುವ ಆ ಪುಟ್ಟ ಕವರು ನೆನಪಿಸಿಕೊಳ್ಳಿ. ಎಂಟು ಫೋಟೊ ತೆಗೆಸಿದರೆ ಅರ್ಜಿಗೆ ಅಂಟಿಸಿ ಮೂರೋ ನಾಲ್ಕೋ ಉಳಿಯುತ್ತವೆ. ಉಳಿದವು ಕವರಿನ ಸಮೇತ ಬೀರುವಿನಲ್ಲಿ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರದ ಜೊತೆ ಸೇರುತ್ತವೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ತೆಗೆಸಿದ ಫೋಟೊದ ಕವರು ಅವಳ ಮದುವೆ ಹೊತ್ತಿಗೂ ಅಲ್ಲೇ ಇರುತ್ತದೆ. ಯಾವ ವಿಸಿಟಿಂಗ್ ಕಾರ್ಡಿಗೂ ಅಷ್ಟು ಆಯುಷ್ಯವಿಲ್ಲ, ಅಷ್ಟು ಭದ್ರವಾದ ಜಾಗವೂ ಇಲ್ಲ. ಹಾಗಿದ್ದೂ ನಮ್ಮವರು ಕಾರ್ಡಿಗೆ ಕೊಡುವ ಗಮನವನ್ನು ಆ ಕವರಿಗೆ ಕೊಡುವುದಿಲ್ಲ. ನನ್ನ ಹತ್ತಿರ ಬರುವ ಸ್ಟುಡಿಯೊದವರಿಗೆ ನಾನು ಮೊದಲು ಕೇಳುವುದೇ ಕವರು ಹೇಗಿದೆ ತೋರಿಸಿ ಎಂದು. ಕಾರ್ಡು, ಕವರು, ಆಲ್ಬಮ್ಮಿನ ಕೊನೆಯ ಪುಟ, ಪೆನ್‌ಡ್ರೈವ್ ಕೊಡುವ ಡಬ್ಬಿ, ಎಲ್ಲದರಲ್ಲೂ ಹೆಸರು ಒಂದೇ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ ಇದ್ದರೆ ಆ ಮನೆಯವರು ಮರೆಯುವುದಿಲ್ಲ.

ಇನ್ನು ಕಾರ್ಡಿನ ಮೇಲೆ ಫೋಟೊ ಹಾಕಬೇಕೆ ಎಂಬ ಪ್ರಶ್ನೆ. ಫೋಟೊಗ್ರಾಫರ್ ಎಂದ ಮೇಲೆ ಹಾಕದಿರುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹಾಕಿ, ಆದರೆ ಒಂದೇ ಒಂದು. ಮೂರೂವರೆ ಇಂಚಿಗೆ ಎರಡು ಇಂಚಿನ ಜಾಗದಲ್ಲಿ ಆರು ಫೋಟೊ ಜೋಡಿಸಿದರೆ ಪ್ರತಿಯೊಂದೂ ಹೆಬ್ಬೆರಳ ಉಗುರಿನಷ್ಟಾಗಿ, ಮದುಮಗಳೂ ಮಂಟಪವೂ ಒಂದೇ ಆಗಿ ಕಾಣುತ್ತವೆ. ಒಂದು ಮುಖ, ಒಂದು ಕೈ, ಧಾರೆ ಎರೆಯುವ ಹೊತ್ತಿನ ಒಂದು ಹತ್ತಿರದ ನೋಟ ಇದ್ದರೆ ಕಾರ್ಡಿನ ಹಿಂಬದಿ ಪೂರ್ತಿ ಅದಕ್ಕೇ ಬಿಡಿ, ಅದರ ಮೇಲೆ ಒಂದಕ್ಷರವೂ ಬೇಡ. ಕಾಡು, ಹಕ್ಕಿಗಳ ಚಿತ್ರ ತೆಗೆಯುವವರಿಗೆ ಇದು ಇನ್ನೂ ಸುಲಭ, ಒಂದು ಮಿಂಚುಳ್ಳಿ ಸಾಕು. ಅಂಗಡಿಯ ಸಾಮಾನು, ಹೋಟೆಲಿನ ತಿಂಡಿ ಫೋಟೊ ತೆಗೆಯುವವರಿಗೂ ಒಂದೇ ಚಿತ್ರದ ನಿಯಮ ಒಪ್ಪುತ್ತದೆ. ಅಂಥ ಒಂದು ಚಿತ್ರ ಆರಿಸಲು ಆಗದಿದ್ದರೆ ಬರೀ ಅಕ್ಷರದ ಕಾರ್ಡೇ ವಾಸಿ.

ಆ ಒಂದು ಚಿತ್ರ ನಿಮ್ಮದೇ ಆಗಿರಬೇಕು. ಇಂಟರ್ನೆಟ್ಟಿನ ಮದುಮಗಳನ್ನು ಹಾಕಿಕೊಂಡರೆ ಇನ್ನೊಬ್ಬರ ಕೆಲಸವನ್ನು ತನ್ನದೆಂದು ತೋರಿಸಿದಂತೆ, ಅದಕ್ಕೆ ನಾನು ಒಪ್ಪುವುದೇ ಇಲ್ಲ. ನಿಮ್ಮದೇ ಫೋಟೊ ಆದರೂ ಇನ್ನೊಂದು ಮಾತಿದೆ, ಇದು ಹೆಚ್ಚಿನ ಫೋಟೊಗ್ರಾಫರುಗಳಿಗೆ ಹೇಳಿದಾಗ ನಂಬುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು. ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಹಾಗಲ್ಲ. ಅಂದರೆ ಮದುವೆ ಮನೆಯವರು ದುಡ್ಡು ಕೊಟ್ಟ ಫೋಟೊವನ್ನು ಅವರನ್ನು ಕೇಳದೆ ಕಾರ್ಡಿಗೆ ಹಾಕುವಂತಿಲ್ಲ. ಕಾನೂನು ಪಕ್ಕಕ್ಕಿರಲಿ, ಯಾರದೋ ಮನೆ ಮಗಳ ಮುಖ ಸಾವಿರ ಕಾರ್ಡಿನ ಮೇಲೆ ಊರೂರು ತಿರುಗುತ್ತದೆ. ಅವಳ ಒಪ್ಪಿಗೆ ಬೇಡವೆ? ಅಡ್ವಾನ್ಸ್ ರಸೀದಿಯಲ್ಲೇ ಒಂದು ಸಾಲು ಸೇರಿಸಿ, ಕಾರ್ಡು ಮತ್ತು ಜಾಹೀರಾತಿಗೆ ಫೋಟೊ ಬಳಸಲು ಒಪ್ಪಿಗೆ ಇದೆ ಅಥವಾ ಇಲ್ಲ ಎಂದು ಟಿಕ್ ಹಾಕಿಸಿಕೊಳ್ಳಿ ಎನ್ನುತ್ತೇನೆ. ಬಿಲ್ ಬುಕ್ಕು ಮಾಡಿಸುವವರಿಗೆ ಆ ಸಾಲನ್ನು ನಾನೇ ಸೇರಿಸಿ ಕೊಡುತ್ತೇನೆ.

ಪ್ರಿಂಟಿನ ವಿಷಯಕ್ಕೆ ಬಂದರೆ, ಫೋಟೊಗ್ರಾಫರುಗಳಿಗೆ ಹೆಚ್ಚು ಬೇಸರ ತರಿಸುವುದು ಬಣ್ಣ. ಮೊಬೈಲಿನಲ್ಲಿ ಫಳಫಳ ಎನ್ನುತ್ತಿದ್ದ ನೇರಳೆ ರೇಷ್ಮೆ ಸೀರೆ ಕಾರ್ಡಿನಲ್ಲಿ ಮಂಕಾಗಿ ಬಂದಿರುತ್ತದೆ. ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡುತ್ತದೆ, ಆಫ್‌ಸೆಟ್ ಮಷೀನು ನಾಲ್ಕು ಶಾಯಿಯಿಂದ. ಸ್ಕ್ರೀನಿನ ಎಲ್ಲ ಬಣ್ಣವನ್ನೂ ಆ ನಾಲ್ಕು ಶಾಯಿ ಕೊಡಲಾರವು, ಗಾಢ ನೀಲಿ, ನೇರಳೆ, ಹಸಿರುಗಳಲ್ಲಿ ಇದು ಎದ್ದು ಕಾಣುತ್ತದೆ. ಅದಕ್ಕೆ ಫೋಟೊವನ್ನು ಆ ನಾಲ್ಕು ಶಾಯಿಯ ಲೆಕ್ಕಕ್ಕೆ, ಅಂದರೆ ಸಿಎಂವೈಕೆಗೆ, ತಿರುಗಿಸಿ ನೋಡಿಯೇ ಆರಿಸಬೇಕು. ಅಗ್ಗದ ಮಲ್ಟಿಕಲರ್ ಕಾರ್ಡಿನಲ್ಲಿ ಹತ್ತಾರು ಗಿರಾಕಿಗಳ ಕಾರ್ಡನ್ನು ಒಂದೇ ಶೀಟಿನಲ್ಲಿ ಕೂರಿಸಿ ಹೊಡೆಯುತ್ತಾರೆ. ನಿಮ್ಮ ಕಾರ್ಡಿನ ಸಾಲಿನಲ್ಲೇ ಇನ್ಯಾರದೋ ಕೆಂಪು ಬಣ್ಣದ ಕಾರ್ಡಿದ್ದು, ಅದಕ್ಕಾಗಿ ಶಾಯಿ ಹೆಚ್ಚು ಬಿಟ್ಟರೆ ನಿಮ್ಮ ಮದುಮಗಳ ಕೆನ್ನೆಯೂ ಕೆಂಪಾಗುತ್ತದೆ. ಮೈಬಣ್ಣ ಇರುವ ಕಾರ್ಡಾದರೆ ನಾನು ಮೊದಲು ಡಿಜಿಟಲ್‌ನಲ್ಲಿ ಒಂದು ಪ್ರೂಫ್ ತೆಗೆದು, ಬಾಗಿಲಾಚೆ ಹಗಲು ಬೆಳಕಿನಲ್ಲಿ ಗಿರಾಕಿಗೆ ತೋರಿಸುತ್ತೇನೆ. ಫೋಟೊ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಕುಗ್ಗಿ ಬರುತ್ತದೆ. ಕಾರ್ಡಿನ ಅಳತೆಗೆ 300 ಡಿಪಿಐನಲ್ಲಿ ಕನಿಷ್ಠ 1050ಕ್ಕೆ 600 ಪಿಕ್ಸೆಲ್ ಬೇಕು. ಸುತ್ತ ಕಟಿಂಗಿಗೆಂದು 3 ಮಿ.ಮೀ. ಹೆಚ್ಚು ಚಿತ್ರ ಬಿಡಬೇಕು, ಅಕ್ಷರಗಳು ಅಂಚಿನಿಂದ ಒಳಗೆ ಅಷ್ಟೇ ದೂರ ಇರಬೇಕು.

ಕನ್ನಡ ಅಕ್ಷರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಂಗ್ಲಿಷ್ ಅಕ್ಷರಗಳನ್ನು ಏಳು ಪಾಯಿಂಟಿಗೆ ಇಳಿಸಿದರೂ ಓದಬಹುದು. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ ಕೂರುತ್ತದೆ, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಇಷ್ಟಕ್ಕೂ ಜಾಗ ಬೇಕು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಲ್ಲಿ ಛಾಯಾಚಿತ್ರ ಎಂದು ಸಣ್ಣಗೆ ಬರೆಸಿದ ಕಾರ್ಡೊಂದನ್ನು ಭೂತಗನ್ನಡಿಯಲ್ಲಿ ನೋಡಿ. ಆ ಕಪ್ಪು ನಾಲ್ಕು ಶಾಯಿ ಸೇರಿ ಆದದ್ದು. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಶಾಯಿ ಬಿಳಿಯೊಳಗೆ ನುಗ್ಗುತ್ತದೆ. ಮೊದಲು ಮುಚ್ಚಿಹೋಗುವುದು ತಕಾರದ ಕೆಳಗಿನ ರ-ಒತ್ತು, ಆಮೇಲೆ ಛಕಾರದ ಒಳಗಿನ ಸುಳಿ. ಉಳಿಯುವುದು ಬಿಳಿ ಮಚ್ಚೆಗಳ ಒಂದು ಸಾಲು. ಅದಕ್ಕೆ ಕನ್ನಡವನ್ನು ಒಂಬತ್ತು ಪಾಯಿಂಟಿಗಿಂತ ಕೆಳಗಿಳಿಸಬಾರದು, ಬಿಳಿಯಲ್ಲಿ ಬರೆಸುವುದಾದರೆ ದಪ್ಪ ಅಕ್ಷರವೇ ಆಗಬೇಕು. ಬಿಳಿ ರಟ್ಟಿನ ಮೇಲೆ ಬರೀ ಕಪ್ಪು ಶಾಯಿಯ ಒಂದೇ ಪ್ಲೇಟಿನಲ್ಲಿ ಹೊಡೆದ ಅಕ್ಷರದಷ್ಟು ಚೊಕ್ಕ ಬೇರೆ ಯಾವುದೂ ಬರುವುದಿಲ್ಲ. ಪ್ರೆಸ್ಸಿಗೆ ಫೈಲು ಕಳಿಸುವ ಮುಂಚೆ ಕೋರೆಲ್‌ಡ್ರಾದಲ್ಲಿ ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿರಬೇಕು. ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟು ಇಲ್ಲದಿದ್ದರೆ ಒತ್ತು ಅರ್ಕಾವತ್ತು ಎಲ್ಲ ದಿಕ್ಕಾಪಾಲಾಗುತ್ತವೆ. ಈಗ ಬಾಲೂ ತಮ್ಮ, ನೋಟೊ ಸೆರಿಫ್ ಕನ್ನಡ, ಹುಬ್ಬಳ್ಳಿಯಂಥ ಒಳ್ಳೆಯ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ, ಒಂದೇ ಮಾದರಿಯ ಅಕ್ಷರದಲ್ಲಿ ಎಲ್ಲ ಕಾರ್ಡೂ ಬರಬೇಕಾದ ಕಾಲ ಹೋಯಿತು.

ಹೆಸರು ಕನ್ನಡದಲ್ಲಿ ಇರಲೇಬೇಕು. ಬೆಂಗಳೂರಿನ ಗಿರಾಕಿಗಳೂ ಇದ್ದರೆ ಇಂಗ್ಲಿಷಿನಲ್ಲೂ ಇರಲಿ. ಫೋನ್ ನಂಬರು ಒಂದು, ಹೆಚ್ಚೆಂದರೆ ಎರಡು, ಐದೈದು ಅಂಕಿ ಬಿಡಿಸಿ, ಹೆಸರಾದ ಮೇಲೆ ಅದೇ ದೊಡ್ಡದಾಗಿ.

ರಟ್ಟು 300 ಅಥವಾ 350 ಜಿಎಸ್ಎಂ ಇದ್ದರೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಕ್ಯಾಮೆರಾ ಆಕಾರಕ್ಕೆ ಕತ್ತರಿಸಿದ್ದು, ಚೌಕದ್ದು ಎಂದು ಹೊಸತನ ಮಾಡುವವರಿದ್ದಾರೆ. ಪರ್ಸಿನ ಖಾನೆ ಮಾಡಿರುವುದು ಎಟಿಎಂ ಕಾರ್ಡಿನ ಅಳತೆಗೆ, 85.6ಕ್ಕೆ 54 ಮಿ.ಮೀ. ಅದರಲ್ಲಿ ಕೂರದ ಕಾರ್ಡು ಮನೆ ತಲುಪುವುದೇ ಕಷ್ಟ. ಲ್ಯಾಮಿನೇಷನ್ ಬಗ್ಗೆಯೂ ಒಂದು ಮಾತು. ಗ್ಲಾಸಿಯಾಗಲಿ ಮ್ಯಾಟಾಗಲಿ, ಎರಡೂ ಬದಿ ಪ್ಲಾಸ್ಟಿಕ್ ಹಾಳೆ ಹೊದಿಸಿಬಿಟ್ಟರೆ ಕಾರ್ಡಿನ ಮೇಲೆ ಬಾಲ್‌ಪೆನ್ನು ಹಿಡಿಯುವುದಿಲ್ಲ. ಸೋದರಮಾವ ಕಾರ್ಡು ಇಸಿದುಕೊಂಡಾಗ "ಮಂಜಣ್ಣನ ಮಗಳ ಮದುವೆಯಲ್ಲಿ ಬಂದಿದ್ದವರು" ಎಂದು ಅದರ ಮೇಲೆ ಬರೆಯಲು ಸಾಧ್ಯವಾಗಬೇಕು. ಆ ಬರಹಕ್ಕಿಂತ ದೊಡ್ಡ ಶಿಫಾರಸು ಇಲ್ಲ. ತಾರೀಖು, ಮಾತಾಡಿದ ರೇಟು ಬರೆದುಕೊಳ್ಳುವವರೂ ಇದ್ದಾರೆ. ಹಿಂಬದಿಗೆ ಫೋಟೊ ಇಲ್ಲದ ಕಾರ್ಡಾದರೆ ಆ ಬದಿಯನ್ನು ಲ್ಯಾಮಿನೇಷನ್ ಇಲ್ಲದೆ ಹಾಗೇ ಬಿಡಿ, ಎರಡು ಗೆರೆ ಹಾಕಿದರೆ ಇನ್ನೂ ಒಳ್ಳೆಯದು. ಫೋಟೊ ಇದ್ದರೆ ಮುಂಬದಿಯನ್ನು ಬಿಡಿ.

ಕ್ಯೂಆರ್ ಕೋಡ್ ಬೇಕು ಎಂದು ಈಗ ಎಲ್ಲರೂ ಕೇಳುತ್ತಾರೆ. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು ಅದು. ಫೋಟೊಗ್ರಾಫರಿಗೆ ನಿಜವಾಗಿ ಅನುಕೂಲದ್ದು, ಯಾಕೆಂದರೆ ಕಾರ್ಡಿನಲ್ಲಿ ಹಿಡಿಸದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಬಹುದು. ಆದರೆ ನಮ್ಮ ಜನಕ್ಕೆ ಕ್ಯೂಆರ್ ಎಂದರೆ ದುಡ್ಡು ಕಳಿಸುವ ಸ್ಕ್ಯಾನರು. ಒಬ್ಬ ಹಿರಿಯರು ನನ್ನ ಅಂಗಡಿಯಲ್ಲೇ ಕಾರ್ಡು ನೋಡಿ, "ಅಡ್ವಾನ್ಸ್ ಇದಕ್ಕೇ ಹಾಕಬೇಕೇನಮ್ಮ?" ಎಂದು ಕೇಳಿದರು. ಅಂದಿನಿಂದ ಕೋಡಿನ ಕೆಳಗೆ "ನಾವು ತೆಗೆದ ಫೋಟೊ ನೋಡಿ" ಎಂದು ಬರೆದೇ ಕೊಡುತ್ತೇನೆ. ಕೋಡು ಎರಡು ಸೆಂಟಿಮೀಟರಿಗಿಂತ ಚಿಕ್ಕದಿರಬಾರದು, ಬಿಳಿಯ ಮೇಲೆ ಕಪ್ಪಿನಲ್ಲೇ ಇರಬೇಕು, ಸುತ್ತ ಖಾಲಿ ಜಾಗ ಬೇಕು. ಲಿಂಕು ಉದ್ದವಾದಷ್ಟೂ ಕೋಡಿನ ಚುಕ್ಕಿಗಳು ಸಣ್ಣದಾಗಿ ಮೊಬೈಲು ಓದಲು ತಡಕಾಡುತ್ತದೆ. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟುವ ಕಂಪನಿಯ ಮೂಲಕ ಮಾಡಿದ ಕೋಡು ಬೇಡ, ಚಂದಾ ನಿಲ್ಲಿಸಿದ ದಿನ ಹಂಚಿದ ಕಾರ್ಡೆಲ್ಲ ಮೂಕವಾಗಬಹುದು. ತೆರೆದಾಗ ಮಕ್ಕಳ ಹುಟ್ಟುಹಬ್ಬ, ಬೈಕಿನ ರೀಲ್ಸು, ಕ್ರಿಕೆಟ್ ಎಲ್ಲ ಕಲಸಿದ ಇನ್‌ಸ್ಟಾಗ್ರಾಂ ಪುಟ ಬರುವ ಬದಲು ಆರಿಸಿದ ಹತ್ತು ಹನ್ನೆರಡು ಫೋಟೊ ಬರಲಿ.

ಈಚೆಗೆ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುತ್ತಿರುವುದು ನನಗೆ ಬಹಳ ಖುಷಿ ಕೊಡುತ್ತದೆ. ಹಸುಗೂಸಿನ ಫೋಟೊ, ಸೀಮಂತ, ಬಾಣಂತಿ ಕೋಣೆಯೊಳಗಿನ ಚಿತ್ರ ತೆಗೆಯಲು ಮನೆಯವರು ಅವರನ್ನೇ ಹುಡುಕುತ್ತಾರೆ. ಅವರ ಕಾರ್ಡಿನಲ್ಲಿ ನಾನು ಮನೆ ನಂಬರು, ಅಡ್ಡರಸ್ತೆ ಹಾಕುವುದಿಲ್ಲ. ಬಡಾವಣೆ, ಊರು ಸಾಕು. ಕಾರ್ಡು ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು, ಅದಕ್ಕೆ ಕೆಲಸಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳಿ, ಅದರ ನಂಬರನ್ನೇ ಕಾರ್ಡಿಗೆ ಕೊಡಿ ಎನ್ನುತ್ತೇನೆ. "ಅಕ್ಕಾ, ಹೆಂಗಸು ಅಂತ ಗೊತ್ತಾಗೋ ಹಂಗೆ ಹೆಸರು ಪೂರ್ತಿ ಹಾಕಲಾ, ಬರೀ ಇನಿಷಿಯಲ್ ಹಾಕಲಾ?" ಎಂದು ಒಬ್ಬಳು ಕೇಳಿದಳು. ಪೂರ್ತಿ ಹಾಕಮ್ಮ ಎಂದೆ. ಬಾಣಂತಿಯ ಮನೆಯವರು ಫೋನ್ ಮಾಡುವುದು ಆ ಹೆಸರು ನೋಡಿಯೇ.

ಕಾರ್ಡು ಸಿದ್ಧವಾದ ಮೇಲೆ ಅದು ಯಾರ ಕೈ ಸೇರಬೇಕು ಎನ್ನುವುದನ್ನೂ ಮಾತಾಡುತ್ತೇನೆ. ಮದುವೆಗೆ ಬಂದ ನೂರಾರು ನೆಂಟರಿಗೆ ಹಂಚುವುದಕ್ಕಿಂತ, ಮದುವೆ ಗೊತ್ತಾದ ಕೂಡಲೇ ಜನ ಮೊದಲು ಎಡತಾಕುವವರಿಗೆ ಕೊಡಬೇಕು: ಕಲ್ಯಾಣ ಮಂಟಪದ ಮ್ಯಾನೇಜರ್, ಅಡುಗೆಯವರು, ಪುರೋಹಿತರು, ಹೂವಿನ ಡೆಕೋರೇಷನ್‌ನವರು, ಮೇಕಪ್ ಮಾಡುವ ಹೆಣ್ಣುಮಕ್ಕಳು, ನನ್ನಂತೆ ಲಗ್ನಪತ್ರಿಕೆ ಮಾಡುವವರು. ಇವರಿಗೆ ಒಂದೊಂದು ಕೊಟ್ಟು ಬರಬೇಡಿ, ಇಪ್ಪತ್ತಿಪ್ಪತ್ತು ಕೊಡಿ, ಮುಗಿಯಿತೇ ಎಂದು ತಿಂಗಳಿಗೊಮ್ಮೆ ವಿಚಾರಿಸಿ. ಮೊದಲ ಸಲ ನೂರು ಕಾರ್ಡನ್ನು ಡಿಜಿಟಲ್‌ನಲ್ಲಿ ಮಾಡಿಸಿಕೊಂಡು ಹೀಗೆ ಕೊಟ್ಟು ನೋಡಿ. ಫೋನ್ ಮಾಡಿದವರಿಗೆಲ್ಲ ನಂಬರು ಎಲ್ಲಿ ಸಿಕ್ಕಿತು, ಓದಲು ಏನಾದರೂ ಕಷ್ಟವಾಯಿತೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಚೀಟಿ ತಂದರೆ, ಅದಕ್ಕೆ ತಕ್ಕಂತೆ ತಿದ್ದಿ, ಸಾವಿರ ಕಾರ್ಡನ್ನು ಆಫ್‌ಸೆಟ್‌ಗೆ ಕಳಿಸೋಣ ಎನ್ನುತ್ತೇನೆ.